ಒಂದು ಪೆಟ್ಟಿಗೆ, ಆರು ಮುಖ: ಕಂಪ್ಯೂಟರಿನೊಳಗೆ ಹೋಟೆಲಿನ ಗಲ್ಲಾ ಕಟ್ಟುವುದು ಹೀಗೆ

ಅಪ್ಪ ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ 31 ವರ್ಷ ಕೂತವರು. ಈಗ ಡೊಂಬಿವಲಿಯಲ್ಲಿ ನಮ್ಮ ಜತೆ ಇದ್ದಾರೆ. ಹೋದ ಮಳೆಗಾಲದಲ್ಲಿ ಅಕ್ಕನ ಮಗನಿಗೆ ಕಂಪ್ಯೂಟರಿನೊಳಗೆ ಮನೆ ಕಟ್ಟುವ ಹುಚ್ಚು ಹತ್ತಿತು. ಅವನ ಪಕ್ಕ ಕೂತು ನಾನೂ ಒಂದು ಪೆಟ್ಟಿಗೆ ಮಾಡಿ, ಮೇಲೆ ಕಪ್ಪು ಕಲ್ಲು, ಎದುರಿಗೆ ಬಿಳಿ ಲಾದಿ (ಟೈಲ್ಸ್) ಅಂಟಿಸಿ, "ನೋಡಿ, ನಿಮ್ಮ ಗಲ್ಲಾ" ಎಂದು ಅಪ್ಪನನ್ನು ಕರೆದೆ. ಅವರು ಕನ್ನಡಕ ಏರಿಸಿ ನೋಡಿದರು. "ಇದು ಯಾರ ಹೋಟೆಲು ಮಾರಾಯ? ಲಾದಿ ಒಂದೊಂದೂ ಕಿಟಕಿಯಷ್ಟು ಉಂಟಲ್ಲ!"

ಪೆಟ್ಟಿಗೆ ಸರಿಯಿತ್ತು, ಫೋಟೊ ಕೂಡ ಚೆನ್ನಾಗಿಯೇ ಇತ್ತು. ಅಳತೆಯೊಂದು ತಪ್ಪಿತ್ತು. ಈ ಕೆಲಸ ಕಲಿಯುವವರು ಸುಂದರ ಚಿತ್ರ ಹುಡುಕುವುದರಲ್ಲಿ ದಿನಗಟ್ಟಲೆ ಕಳೆಯುತ್ತಾರೆ, ಟೇಪು ಹಿಡಿಯುವುದನ್ನು ಮರೆಯುತ್ತಾರೆ. ಹಾಗಾಗಿ ಇಲ್ಲಿ ಅಳತೆಯ ಮಾತೇ ಹೆಚ್ಚು.

ಜಾಗ ಮತ್ತು ಪೆಟ್ಟಿಗೆ

ಇಂಥ ಕಟ್ಟೋಣಕ್ಕೆ ಹೆಸರಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಕಂಪೆನಿ 2003ರಲ್ಲಿ ತೆರೆದ ಸೆಕೆಂಡ್ ಲೈಫ್ ಎಂಬ ಕಂಪ್ಯೂಟರ್ ಲೋಕ. ಅಲ್ಲಿ ಸ್ವಂತ ಜಾಗವಿಲ್ಲದವರು ಸ್ಯಾಂಡ್‌ಬಾಕ್ಸ್ ಎಂಬ ಸಾರ್ವಜನಿಕ ಬಯಲಲ್ಲಿ ಕಟ್ಟಿ ನೋಡಬಹುದು. ಅದೇ ಬಗೆಯ ಲೋಕವನ್ನು ನಮ್ಮದೇ ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ನಡೆಸಲು ಓಪನ್‌ಸಿಮ್ಯುಲೇಟರ್ ಇದೆ. ಫೈರ್‌ಸ್ಟಾರ್ಮ್ ಎಂಬ ವೀಕ್ಷಕ ತಂತ್ರಾಂಶ ಎರಡಕ್ಕೂ ಆಗುತ್ತದೆ. ನಾವು ಬಳಸಿದ್ದು ಓಪನ್‌ಸಿಮ್. ಹುಡುಗರು ತಪ್ಪು ಮಾಡುವಾಗ ಕಾಸು ಖರ್ಚಾಗಬಾರದು, ಅಷ್ಟೇ ಕಾರಣ.

ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತಿದರೆ ಬಿಲ್ಡ್ ಕಿಟಕಿ ತೆರೆಯುತ್ತದೆ. ಪೆಟ್ಟಿಗೆಯ ಗುರುತು ಆರಿಸಿ ನೆಲದ ಮೇಲೆ ಒತ್ತಿ. ಅರ್ಧ ಮೀಟರಿನ ಒಂದು ಘನ ಬೀಳುತ್ತದೆ, ಮೈತುಂಬ ಪ್ಲೈವುಡ್. ಇಲ್ಲಿ ಹುಟ್ಟುವ ಪೆಟ್ಟಿಗೆಗಳೆಲ್ಲ ಪ್ಲೈವುಡ್ ಬಣ್ಣದಲ್ಲೇ ಹುಟ್ಟುತ್ತವೆ. ಆಬ್ಜೆಕ್ಟ್ ಪುಟಕ್ಕೆ ಹೋಗಿ ಉದ್ದ 1.5, ಆಳ 0.6, ಎತ್ತರ 1.1 ಮೀಟರ್ ಎಂದು ಬರೆಯಿರಿ. ಎಳೆದು ಹಿಗ್ಗಿಸುವುದು ಬೇಡ, ಅಂಕಿ ಬರೆಯುವುದೇ ಒಳ್ಳೆಯದು. ಮುಂದಿನ ಲೆಕ್ಕವೆಲ್ಲ ಈ ಮೂರು ಅಂಕಿಗಳ ಮೇಲೆ ನಿಂತಿದೆ.

ಒಂದೊಂದೇ ಮುಖ

ಮುಖಕ್ಕೆ ಚಿತ್ರ ಹೊದೆಸುವ ಟೆಕ್ಸ್ಚರ್ ಪುಟ ತೆರೆದು ನೇರವಾಗಿ ಲಾದಿಯ ಚಿತ್ರ ಆರಿಸಿದರೆ ಆರೂ ಮುಖಕ್ಕೆ ಲಾದಿ ಬಂದುಬಿಡುತ್ತದೆ, ಗಲ್ಲಾ ಹೋಗಿ ಬಚ್ಚಲಾಗುತ್ತದೆ. ಅದಕ್ಕೆ ಮೊದಲು ಬಿಲ್ಡ್ ಕಿಟಕಿಯಲ್ಲಿ 'ಸೆಲೆಕ್ಟ್ ಫೇಸ್' ಒತ್ತಬೇಕು. ಆಮೇಲೆ ಪೆಟ್ಟಿಗೆಯ ಯಾವ ಮೈ ಮುಟ್ಟುತ್ತೀರೋ ಅದರ ಮೇಲೆ ಮಾತ್ರ ಬಿಳಿ ಗುರುತು ಕೂರುತ್ತದೆ. ಎರಡು ಮೂರು ಮುಖ ಒಟ್ಟಿಗೆ ಬೇಕಾದರೆ ಶಿಫ್ಟ್ ಹಿಡಿದು ಮುಟ್ಟಿ. ಇನ್ನೊಂದು ಅಡ್ಡದಾರಿಯೂ ಇದೆ: ನಮ್ಮ ಸಾಮಾನೆಲ್ಲ ಇರುವ ಇನ್ವೆಂಟರಿಯಿಂದ ಚಿತ್ರವನ್ನು ಎಳೆದು ತಂದು ಬೇಕಾದ ಮುಖದ ಮೇಲೆ ಬಿಟ್ಟರೆ ಅದೊಂದಕ್ಕೇ ಅಂಟುತ್ತದೆ. ಶಿಫ್ಟ್ ಹಿಡಿದು ಬಿಟ್ಟರೆ ಎಲ್ಲದಕ್ಕೂ.

ಅಪ್ಪನ ಗಲ್ಲಾಕ್ಕೆ ನಾವು ಹಂಚಿದ್ದು ಹೀಗೆ: ಮೇಲೆ ಕಡಪ ಕಲ್ಲು, ಎದುರಿಗೆ ಬಿಳಿ ಲಾದಿ, ಎರಡು ಬದಿಗೆ ಸನ್‌ಮೈಕಾ. ಕೆಳಗಿನ ಮುಖ ಯಾರಿಗೂ ಕಾಣದು, ಪ್ಲೈವುಡ್ಡೇ ಇರಲಿ. ಹಿಂಬದಿಯನ್ನೂ ನಾನು ಹಾಗೆಯೇ ಬಿಟ್ಟಿದ್ದೆ.

ಫೋಟೊ ತೆಗೆಯುವಾಗ

ಮೊಬೈಲು ಸಾಕು. ಗೋಡೆಗೆ ನೇರ ಎದುರಾಗಿ ನಿಂತು, ಸ್ವಲ್ಪ ದೂರ ಸರಿದು, ಜೂಮ್ ಮಾಡಿ ತೆಗೆಯಿರಿ. ತೀರ ಹತ್ತಿರ ಹೋದರೆ ಅಂಚಿನ ಗೆರೆಗಳು ಬಾಗುತ್ತವೆ. ಫ್ಲ್ಯಾಷ್ ಬೇಡವೇ ಬೇಡ, ಲಾದಿಯ ನಡುವೆ ಬಿಳಿ ಚುಕ್ಕೆ ಕೂರುತ್ತದೆ. ಬಿಸಿಲಿಗಿಂತ ಮೋಡ ವಾಸಿ. ಮುಂಬಯಿಯ ಜುಲೈ ತಿಂಗಳು ಬೇರೆ ಯಾವುದಕ್ಕೆ ಆಗದಿದ್ದರೂ ಇದಕ್ಕೆ ಆಗುತ್ತದೆ. ತೆಗೆದ ಚಿತ್ರದಲ್ಲಿ ಎಷ್ಟು ಸೆಂಟಿಮೀಟರ್ ಗೋಡೆ ಇದೆ ಎಂಬುದನ್ನು ಅಲ್ಲೇ ಟೇಪಿನಲ್ಲಿ ಅಳೆದು ಫೈಲಿನ ಹೆಸರಲ್ಲೇ ಬರೆದಿಡಿ. ನನ್ನದು 'ಲಾದಿ-60' ಎಂದಿತ್ತು: 15 ಸೆಂಟಿಮೀಟರಿನ ಲಾದಿ, ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು.

ಅಂಚನ್ನು ಸರಿಯಾಗಿ ಸಂದಿಯಲ್ಲೇ ಕತ್ತರಿಸಿ, ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ 512ಕ್ಕೆ 512 ಪಿಕ್ಸೆಲ್ ಮಾಡಿಕೊಳ್ಳಿ. ಅಳತೆ 256, 512, 1024 ಹೀಗೆ ದುಪ್ಪಟ್ಟಿನ ಸಾಲಿನಲ್ಲಿರಬೇಕು. 1024ರ ಚಿತ್ರ 512ರ ನಾಲ್ಕು ಪಟ್ಟು ಮೆಮೊರಿ ತಿನ್ನುತ್ತದೆ, ಒಂದು ಗಲ್ಲಾದ ಎದುರು ಮೈಗೆ ಅಷ್ಟು ಬೇಕಿಲ್ಲ. ಸೆಕೆಂಡ್ ಲೈಫಿನಲ್ಲಿ ಚಿತ್ರ ಏರಿಸಲು ಸಾಮಾನ್ಯವಾಗಿ ಲಿಂಡೆನ್ ಡಾಲರ್ ಎಂಬ ಅಲ್ಲಿನ ಹಣ ತೆರಬೇಕು. ಅಲ್ಲಿ ಕಟ್ಟುವವರು ಚಿತ್ರ ಆರಿಸುವ ಕಿಟಕಿಯಲ್ಲಿ 'ಲೋಕಲ್' ಎಂಬುದನ್ನು ಒತ್ತಿ, ಏರಿಸದೆಯೇ ಮೊದಲು ಹಾಕಿ ನೋಡಲಿ. ಅದು ನಮ್ಮೊಬ್ಬರಿಗೇ ಕಾಣುತ್ತದೆ, ಕಾಸೂ ಉಳಿಯುತ್ತದೆ.

ಕಿಟಕಿಯಷ್ಟು ಲಾದಿ ಏಕೆ ಬಂತು

ಚಿತ್ರ ಹಾಕಿದ ಕೂಡಲೇ ಯಂತ್ರ ಅದನ್ನು ಆ ಮುಖಕ್ಕೆ ಒಂದೇ ಸಲ ಹಿಗ್ಗಿಸಿ ಹೊದೆಸುತ್ತದೆ. 60 ಸೆಂಟಿಮೀಟರಿನ ಚಿತ್ರ ಒಂದೂವರೆ ಮೀಟರ್ ಅಗಲಕ್ಕೆ ಎಳೆದುಕೊಂಡರೆ 15ರ ಲಾದಿ 37 ಸೆಂಟಿಮೀಟರ್ ದಾಟುತ್ತದೆ. ಅಪ್ಪನ ಕಣ್ಣಿಗೆ ಬಿದ್ದದ್ದು ಅದು.

ಮುಖದ ಅಳತೆಯನ್ನು ಚಿತ್ರದ ಅಳತೆಯಿಂದ ಭಾಗಿಸಬೇಕು, ಲೆಕ್ಕ ಇಷ್ಟೇ. ಅಡ್ಡಕ್ಕೆ 1.5 ಭಾಗಿಸು 0.6, ಬಂದದ್ದು 2.5. ಚಿತ್ರ ಅಷ್ಟು ಸಲ ಮರುಕಳಿಸಬೇಕು, ಅದನ್ನು ಹಾರಿಜಾಂಟಲ್ ಸ್ಕೇಲ್‌ನಲ್ಲಿ ಬರೆಯಿರಿ. ಎತ್ತರಕ್ಕೆ 1.1 ಭಾಗಿಸು 0.6, ಅಂದರೆ 1.833. ಅದು ವರ್ಟಿಕಲ್ ಸ್ಕೇಲ್. ಲಾದಿ ತಕ್ಷಣ ಲಾದಿಯಷ್ಟಾಗುತ್ತದೆ.

ಆದರೂ ಏನೋ ಸರಿಯಿಲ್ಲ ಅನಿಸಿತು. ಹತ್ತಿರದಿಂದ ನೋಡಿದರೆ ಮೇಲಿನ ಸಾಲೂ ತುಂಡು, ಕೆಳಗಿನ ಸಾಲೂ ತುಂಡು. ಯಂತ್ರ ಚಿತ್ರವನ್ನು ಮುಖದ ನಡುಮಧ್ಯದಿಂದ ಹರಡುತ್ತ ಹೋಗುತ್ತದೆ, ಉಳಿಕೆ ಎರಡೂ ತುದಿಗೆ ಸಮನಾಗಿ ಹಂಚಿಹೋಗುತ್ತದೆ. ಲಾದಿ ಕೂರಿಸುವ ಮೇಸ್ತ್ರಿ ಹಾಗೆ ಮಾಡುವುದಿಲ್ಲ. ಕಣ್ಣಿಗೆ ಬೀಳುವ ಮೇಲಿನ ಸಾಲನ್ನು ಇಡಿಯಾಗಿ ಇಟ್ಟು, ತುಂಡನ್ನು ನೆಲದ ಹತ್ತಿರ ಮುಚ್ಚುತ್ತಾನೆ. ಅದಕ್ಕಿರುವುದು ಚಿತ್ರವನ್ನು ಸರಿಸುವ ಆಫ್‌ಸೆಟ್. ಮೇಲಿನ ತುಂಡು ಇಡಿಯಾಗಲು 5 ಸೆಂಟಿಮೀಟರ್ ಕಮ್ಮಿ, 5 ಭಾಗಿಸು 60 ಎಂದರೆ 0.083. ವರ್ಟಿಕಲ್ ಆಫ್‌ಸೆಟ್‌ನಲ್ಲಿ 0.083 ಎಂದು ಬರೆದರೆ ಮೇಲೆ ಪೂರ್ತಿ ಲಾದಿ, ತುಂಡೆಲ್ಲ ಕೆಳಗೆ. ಅಡ್ಡಕ್ಕೆ ಹತ್ತು ಲಾದಿ ಸರಿಯಾಗಿ ಕೂರುವುದರಿಂದ ಅಲ್ಲಿ ಏನೂ ಮುಟ್ಟಬೇಕಿಲ್ಲ. ಈ 0.083ಕ್ಕೆ ನಾನೊಂದು ಸಂಜೆ ಕೊಟ್ಟಿದ್ದೇನೆ. ವ್ಯರ್ಥವಾಯಿತು ಅನಿಸಿಲ್ಲ.

ಆಮೇಲೆ ಪೆಟ್ಟಿಗೆಯನ್ನು ಎಳೆದು ಉದ್ದ ಮಾಡುವವರಿದ್ದರೆ 'ಸ್ಟ್ರೆಚ್ ಟೆಕ್ಸ್ಚರ್ಸ್' ಎಂಬಲ್ಲಿರುವ ಗುರುತನ್ನು ತೆಗೆದಿಡಿ. ಗುರುತಿದ್ದರೆ ಪೆಟ್ಟಿಗೆಯ ಜತೆ ಲಾದಿಯೂ ಹಿಗ್ಗುತ್ತದೆ.

ಕಡಪ ಕಲ್ಲಿಗೆ ಸಂದಿಯೇ ಇಲ್ಲ, ಅದನ್ನು ತುಂಡುತುಂಡಾಗಿ ಮರುಕಳಿಸಿದರೆ ಗೆರೆ ಕಾಣುತ್ತದೆ. ಹಾಗಾಗಿ ಇಡೀ ಕಲ್ಲಿನ ಫೋಟೊ ತೆಗೆದು, 1024ಕ್ಕೆ 512 ಮಾಡಿ, ಒಂದೇ ಸಲ ಹೊದೆಸಿದೆವು. ಚಿತ್ರ ಕುಗ್ಗಿದಂತೆ ಕಂಡರೂ ಚಿಂತೆಯಿಲ್ಲ, ಮುಖದ ಮೇಲೆ ಮತ್ತೆ ಹಿಗ್ಗಿ ತನ್ನ ಆಕಾರಕ್ಕೆ ಬರುತ್ತದೆ. ಸನ್‌ಮೈಕಾದ ಮರದ ಗೆರೆ ಅಡ್ಡ ಬಂದರೆ ರೊಟೇಶನ್ 90.

ಭರಣಿ ಮತ್ತು ನೆಲ

ಗಲ್ಲಾದ ಮೇಲೆ ಚಿಕ್ಕಿಯ ಭರಣಿ ಇಲ್ಲದಿದ್ದರೆ ಹೇಗೆ? ಸಿಲಿಂಡರಿಗೆ ಮೂರು ಮುಖ: ಮೇಲೆ, ಸುತ್ತ, ಕೆಳಗೆ. ಮೇಲಿನದಕ್ಕೆ ಕೆಂಪು ಬಣ್ಣ ಕೊಟ್ಟರೆ ಮುಚ್ಚಳ. ಸುತ್ತಲಿನದಕ್ಕೆ ಟ್ರಾನ್ಸ್‌ಪರೆನ್ಸಿ 60 ಕೊಟ್ಟರೆ ಗಾಜು. ಒಂದೇ ವಸ್ತುವಿನಲ್ಲಿ ಕೆಲಸ ಮುಗಿಯಿತು. ಗೋಲಕ್ಕೆ ಒಂದೇ ಮುಖ, ಅಲ್ಲಿ ಈ ಆಟ ನಡೆಯದು. ಪಾರದರ್ಶಕ ಮುಖಗಳನ್ನು ಒಂದರ ಹಿಂದೊಂದು ಇಡಬೇಡಿ. ಯಾವುದು ಮುಂದೆ, ಯಾವುದು ಹಿಂದೆ ಎಂದು ಯಂತ್ರಕ್ಕೇ ಗಲಿಬಿಲಿಯಾಗಿ, ಕ್ಯಾಮೆರಾ ಅಲುಗಿದಾಗಲೆಲ್ಲ ಅದಲುಬದಲಾಗುತ್ತವೆ. ಕತ್ತಲಲ್ಲೂ ಮುಖವನ್ನು ಬೆಳ್ಳಗೆ ಬೆಳಗಿಸುವ 'ಫುಲ್ ಬ್ರೈಟ್' ಟ್ಯೂಬ್‌ಲೈಟಿಗೆ ಮಾತ್ರ. ಹುಡುಗರು ಅದನ್ನು ಇಡ್ಲಿಗೂ ಹಾಕುತ್ತಾರೆ.

ನೆಲಕ್ಕೆ ಹಳೆಯ ಮುಂಬಯಿ ಕಟ್ಟಡಗಳ ಹೂವಿನ ಸಿಮೆಂಟ್ ಲಾದಿಯೇ ಆಗಬೇಕೆಂದು ಅಪ್ಪನ ಹಟ. ಈ ಊರಲ್ಲಿ ಭಾರತ್ ಟೈಲ್ಸ್‌ನವರು 1922ರಿಂದ ಇಂಥವನ್ನು ಮಾಡುತ್ತ ಬಂದಿದ್ದಾರೆ. ಎಂಟಿಂಚಿನ ನಾಲ್ಕು ಲಾದಿ ಕೂಡಿದರೆ ಒಂದು ಹೂವು, ಸುಮಾರು 40 ಸೆಂಟಿಮೀಟರ್. ನಮ್ಮ ಕೋಣೆ 4 ಮೀಟರಿಗೆ 3.2, ಹಾಗಾಗಿ ಅಡ್ಡಕ್ಕೆ 10, ಉದ್ದಕ್ಕೆ 8. ಲೆಕ್ಕ ಚೊಕ್ಕವಾಗಿತ್ತು. ಆದರೆ ಫೋಟೊದ ಮೂಲೆಯಲ್ಲಿ ಒಂದು ಕಾಫಿ ಕಲೆಯಿತ್ತು, ನಾನು ಗಮನಿಸಿರಲಿಲ್ಲ. ನೆಲದ ಮೇಲೆ ಎಂಬತ್ತು ಕಾಫಿ ಕಲೆ ಸಾಲಾಗಿ ಎದ್ದವು. "ಮಾವ, ಎಲ್ಲ ಗಿರಾಕಿಗಳೂ ಒಂದೇ ಕಡೆ ಚೆಲ್ಲಿದ್ದಾರೆ" ಎಂದ ಹುಡುಗ. ಮರುಕಳಿಸುವ ಚಿತ್ರದಲ್ಲಿ ಕಲೆ, ಬಿರುಕು, ಬೆಳಕಿನ ಚುಕ್ಕೆ ಯಾವುದೂ ಇರಬಾರದು, ಗಿಂಪ್‌ನಲ್ಲಿ ಮೊದಲೇ ಒರೆಸಿಕೊಳ್ಳಿ. ಕಲೆ ಬೇಕೇ ಬೇಕೆಂದರೆ ತೆಳ್ಳನೆಯ ಬೇರೆ ಪೆಟ್ಟಿಗೆಗೆ ಹಾಕಿ ನೆಲದ ಮೇಲೆ ಒಂದೇ ಕಡೆ ಇಡಿ.

ಎಲ್ಲ ಮುಗಿದ ಮೇಲೆ ಅಪ್ಪನನ್ನು ಮತ್ತೆ ಕರೆದೆ. ಲಾದಿಗೆ ತಲೆಯಾಡಿಸಿದರು. ಆಮೇಲೆ, "ಆಚೆ ಬದಿ ತೋರಿಸು" ಎಂದರು. ಆಲ್ಟ್ ಹಿಡಿದು ಮೌಸ್ ಎಳೆದು ಕ್ಯಾಮೆರಾವನ್ನು ಹಿಂದೆ ತಿರುಗಿಸಿದೆ. ಬರೀ ಪ್ಲೈವುಡ್. "ನಾನು 31 ವರ್ಷ ನೋಡಿದ್ದು ಈ ಬದಿಯನ್ನೇ ಅಲ್ಲವಾ?" ಎಂದರು. ಅಲ್ಲಿ ನೀಲಿ ಆಯಿಲ್ ಪೇಂಟು ಇತ್ತಂತೆ, ಅದರ ಮೇಲೆ ಪೆನ್ಸಿಲಿನಲ್ಲಿ ಹಾಲಿನವನ ಲೆಕ್ಕ. ಬಿಳಿ ಕಾಗದಕ್ಕೆ ನೀಲಿ ಬಳಿದು ಕೈಗೆ ಕೊಟ್ಟೆವು, ಅವರೇ ಬರೆದರು. ಫೋಟೊ ತೆಗೆದು, ಸೆಲೆಕ್ಟ್ ಫೇಸ್ ಒತ್ತಿ, ಹಿಂದಿನ ಮುಖ ಮುಟ್ಟಿ, ಒಂದಕ್ಕೊಂದು ಸ್ಕೇಲಿನಲ್ಲಿ ಹಾಕಿದೆವು. ಮಾರನೆಯ ದಿನ ಒಂದು ಅಂಕಿ ತಪ್ಪಿದೆ ಎಂದು ಇನ್ನೊಮ್ಮೆ ಬರೆಸಿದರು.