ಕೌನ್ಸಿಲ್‌ಗಾಗಿ ನರ್ಸಿಂಗ್ ಹೋಮ್ ಬೆಡ್ ಕೊಳ್ಳುವುದು: ನನ್ನ ಅನುಭವ

ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ನರ್ಸಿಂಗ್ ಹೋಮ್ ಬೆಡ್ ಕೊಳ್ಳುವುದು ನನ್ನ ಕೆಲಸ. ಊರಲ್ಲಿ ಹೀಗೆ ಹೇಳಿದರೆ ಮಂಚದ ವ್ಯಾಪಾರ ಅಂದುಕೊಳ್ಳುತ್ತಾರೆ. ಇಲ್ಲಿನ ನರ್ಸಿಂಗ್ ಹೋಮ್ ಆಸ್ಪತ್ರೆ ಅಲ್ಲ. ವಯಸ್ಸಾಗಿ, ಕಾಯಿಲೆ ಜಾಸ್ತಿಯಾಗಿ ಮನೆಯಲ್ಲಿ ಇರಲಾಗದವರು ವಾಸಕ್ಕೆ ಬರುವ ಜಾಗ. ಬೆಡ್ ಅಂದರೆ ಅಲ್ಲಿ ಒಬ್ಬರಿಗೆ ಇರಲು ಸಿಗುವ ಜಾಗ. 24 ಗಂಟೆಯೂ ನರ್ಸ್ ಇರುತ್ತಾರೆ. ನಡೆಸುವವರು ಹೆಚ್ಚಾಗಿ ಖಾಸಗಿಯವರು. 2014ರ ಕೇರ್ ಆ್ಯಕ್ಟ್ ಪ್ರಕಾರ ಅರ್ಹರಿಗೆ ವ್ಯವಸ್ಥೆ ಮಾಡುವ ಹೊಣೆ ಕೌನ್ಸಿಲ್‌ನದು. ಉಳಿತಾಯ, ಆಸ್ತಿ 23,250 ಪೌಂಡ್ ದಾಟಿದರೆ ಖರ್ಚೆಲ್ಲ ಅವರದೇ. 2010ರಿಂದ ಈ ಮಿತಿ ಒಂದು ಪೌಂಡೂ ಏರಿಲ್ಲ.

ಮೊದಲು ನಾವು ಎಲ್ಲವನ್ನೂ ಸ್ಪಾಟ್‌ನಲ್ಲಿ ಕೊಳ್ಳುತ್ತಿದ್ದೆವು. ಅಂದರೆ, ಒಬ್ಬರಿಗೆ ಜಾಗ ಬೇಕಾದಾಗ ಹೆಸರಿಲ್ಲದೆ ಅವರ ವಿವರ ಹೋಮ್‌ಗಳಿಗೆ ಕಳಿಸುವುದು, ಬೆಡ್ ಇದೆಯಾ, ವಾರಕ್ಕೆ ಎಷ್ಟು ಎಂದು ಕೇಳುವುದು. ಶಾಂತವಾಗಿ ಮಲಗಿರುವವರಿಗೆ ಬೇಗ ಸಿಗುತ್ತಿತ್ತು. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದು ರಾತ್ರಿಯೆಲ್ಲ ಓಡಾಡುವವರು, ಹೊಡೆಯಲು ಕೈ ಎತ್ತುವವರು ಅಂದರೆ ಉತ್ತರವೇ ಇಲ್ಲ. ಅತ್ತ ಆಸ್ಪತ್ರೆಯವರು ಡಿಸ್ಚಾರ್ಜ್ ಯಾವಾಗ ಎಂದು ಬೆನ್ನು ಹತ್ತಿರುತ್ತಾರೆ. ಹೋಮ್‌ನವರಿಗೂ ಅದು ಗೊತ್ತು, ದರ ಏರುತ್ತದೆ. ಅವರನ್ನು ಬೈದು ಫಲವಿಲ್ಲ. ಒಂದೇ ಹೋಮ್‌ನಲ್ಲಿ ಸ್ವಂತ ದುಡ್ಡು ಕೊಡುವವರು ಕೌನ್ಸಿಲ್ ದರಕ್ಕಿಂತ ಸರಾಸರಿ ಶೇ. 41ರಷ್ಟು ಜಾಸ್ತಿ ಕೊಡುತ್ತಾರೆ ಎಂದು ಮಾರುಕಟ್ಟೆಯ ಸ್ಪರ್ಧೆಯ ಮೇಲೆ ಕಣ್ಣಿಡುವ ಸರ್ಕಾರದ ಸಿಎಂಎ ಸಂಸ್ಥೆ 2017ರಲ್ಲೇ ಹೇಳಿತ್ತು. ಅಂಥ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ನಮ್ಮವರನ್ನು ಯಾಕೆ ಕರೆಯುತ್ತಾರೆ, ಅಲ್ವಾ?

ಹಾಗಾಗಿ ಒಂದಷ್ಟು ಬೆಡ್ ಬ್ಲಾಕ್ ಆಗಿ, ಅಂದರೆ ಮುಂಚೆಯೇ ಒಟ್ಟಿಗೆ, ಕೊಳ್ಳಲು ಹೊರಟೆವು. ತುಂಬಿರಲಿ, ಖಾಲಿ ಇರಲಿ, ವಾರದ ದುಡ್ಡು ಕೊಡಲೇಬೇಕು. ಖಾಲಿ ಬೆಡ್‌ಗೆ ದುಡ್ಡು ಎಂದ ಕೂಡಲೇ ಹಣಕಾಸು ವಿಭಾಗ ಹುಬ್ಬೇರಿಸಿತು. ಲೆಕ್ಕ ಬರೆದು ತೋರಿಸಿದೆ. ಬೆಡ್‌ಗೆ ವಾರಕ್ಕೆ 1,000 ಪೌಂಡ್‌ನಂತೆ 10 ಬೆಡ್ ತೆಗೆದುಕೊಂಡೆವು ಅನ್ನಿ. 9 ತುಂಬಿದರೆ ನಿಜವಾದ ದರ 1,111 ಪೌಂಡ್. 7 ತುಂಬಿದರೆ 1,429. ಸ್ಪಾಟ್ ದರ 1,200 ಇದ್ದರೆ 9 ತುಂಬಿದಾಗ ಲಾಭ, 8ಕ್ಕೆ ಇಳಿದರೆ ನಷ್ಟ. ಅದಕ್ಕೇ ನಾನು ವರ್ಷದ ಸರಾಸರಿ ಬೇಡಿಕೆ ನೋಡಲಿಲ್ಲ. ಬೇಡಿಕೆ ತೀರಾ ಕಮ್ಮಿ ಇರುವ ತಿಂಗಳಲ್ಲೂ ತುಂಬುವಷ್ಟನ್ನೇ ಬ್ಲಾಕ್ ಮಾಡಿದೆವು. ಮಿಕ್ಕಿದ್ದು ಸ್ಪಾಟ್.

ದರಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದು ಯಾರನ್ನು ಸೇರಿಸಿಕೊಳ್ಳಬೇಕು ಎಂಬ ಷರತ್ತು ಬರೆಯುವುದಕ್ಕೆ. ನೋಡಿಕೊಳ್ಳಲು ಆಗದವರನ್ನು ಹೋಮ್ ಸೇರಿಸಿಕೊಳ್ಳಬಾರದು, ಅದು ಸರಿಯಾದ ನಿಯಮವೇ. ಆದರೆ ಅದನ್ನೇ ಹಿಡಿದು ಕಷ್ಟದವರನ್ನೆಲ್ಲ ಬೇಡ ಎಂದು, ಖಾಲಿ ಬೆಡ್‌ಗೆ ಸುಮ್ನೆ ದುಡ್ಡು ಎಣಿಸಬಹುದಲ್ಲ! ಹಾಗಾಗಿ ಯಾವ ಯಾವ ತೊಂದರೆ ಇರುವವರನ್ನು ಈ ಬೆಡ್‌ಗೆ ಕಳಿಸುತ್ತೇವೆ ಎಂದು ಮೊದಲೇ ಪಟ್ಟಿ ಮಾಡಿದೆವು. ವಾರದ ಏಳೂ ದಿನ ಹೋಮ್‌ನವರು ಬಂದು ರೋಗಿಯನ್ನು ನೋಡಬೇಕು. ಬೇಡ ಎಂದರೆ ಕಾರಣ ಬರೆದು ಕೊಡಬೇಕು. ಪಟ್ಟಿಗೆ ಹೊಂದುವವರನ್ನು ನಿರಾಕರಿಸಿದರೆ ಅವತ್ತಿನಿಂದ ಆ ಖಾಲಿ ಬೆಡ್‌ಗೆ ದುಡ್ಡಿಲ್ಲ. ಕಳಿಸಲು ನಮ್ಮಲ್ಲೇ ಜನ ಇಲ್ಲದಿದ್ದರೆ ನಷ್ಟ ನಮ್ಮದು.

ಪಟ್ಟಿ ಮಾಡಲು ಮ್ಯಾನೇಜರ್‌ಗಳಿಗಿಂತ ನರ್ಸ್‌ಗಳ ಮಾತು ಉಪಯೋಗಕ್ಕೆ ಬಂತು. ಕೇರಳದವರು, ಕರಾವಳಿಯವರು ಈ ಕೆಲಸದಲ್ಲಿ ಕಾಣಸಿಗುತ್ತಾರೆ. ಮಂಗಳೂರು ಕಡೆಯ ಒಬ್ಬರು ಕನ್ನಡದಲ್ಲೇ ಹೇಳಿದರು: "ಯಾರು ಬಂದರೂ ನೋಡಿಕೊಳ್ತೇವೆ ಮೇಡಂ, ರಾತ್ರಿಗೆ ಇನ್ನೊಂದು ಜನ ಕೊಡಿ, ಅಷ್ಟೇ." ರಾತ್ರಿ ಪಾಳಿಯಲ್ಲಿ ಇಷ್ಟು ಜನ ಇರಲೇಬೇಕು ಎಂದು ಒಪ್ಪಂದದಲ್ಲಿ ಬರೆದು, ಅದರ ಖರ್ಚನ್ನೂ ದರಕ್ಕೆ ಸೇರಿಸಿದೆವು. ಹೋಮ್‌ಗಳು ಸೇರಿಸಿಕೊಳ್ಳುವವರ ಸಂಖ್ಯೆ ಏರಿದ್ದು ಆಮೇಲೆ.

ದರ ಹೋಲಿಸುವಾಗ ಒಂದು ಗಮನಿಸಬೇಕು. ನರ್ಸ್ ಆರೈಕೆಯ ಖರ್ಚಿಗೆ ಎನ್‌ಎಚ್‌ಎಸ್ (ಸರ್ಕಾರದ ಆರೋಗ್ಯ ಸೇವೆ) ಬೇರೆಯಾಗಿ ದುಡ್ಡು ಕೊಡುತ್ತದೆ. 2025-26ರಲ್ಲಿ ಅದು ವಾರಕ್ಕೆ 254.06 ಪೌಂಡ್. ಹೋಮ್ ಹೇಳುವ ದರ ಇದನ್ನು ಸೇರಿಸಿಯೋ, ಬಿಟ್ಟೋ ಎಂದು ಬರಹದಲ್ಲೇ ಕೇಳಿ. ಇಲ್ಲದಿದ್ದರೆ ಅಗ್ಗದ್ದೇ ದುಬಾರಿಯಾಗುತ್ತದೆ. ವರ್ಷದ ಏರಿಕೆಗೂ ಸೂತ್ರ ಹಾಕಿದೆವು. ಖರ್ಚಿನಲ್ಲಿ ಸಂಬಳದ್ದೇ ದೊಡ್ಡ ಪಾಲು. 2025ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್‌ನಿಂದ 12.21ಕ್ಕೆ ಹೋಯ್ತು. ಸೂತ್ರ ಇದ್ದುದರಿಂದ ಚೌಕಾಸಿ ಬೇಗ ಮುಗಿಯಿತು.

ಇಷ್ಟೆಲ್ಲ ಆದ ಮೇಲೂ ಯಾರನ್ನೂ ಆ ಬೆಡ್‌ಗೆ ಬಲವಂತವಾಗಿ ಕಳಿಸುವಂತಿಲ್ಲ. ಹೋಮ್ ಆರಿಸಿಕೊಳ್ಳುವ ಹಕ್ಕು ಕಾನೂನೇ ಕೊಟ್ಟಿದೆ. ಮನೆಯವರು ನಮ್ಮ ಒಪ್ಪಂದ ನೋಡುವುದಿಲ್ಲ, ವಾಸನೆ ನೋಡುತ್ತಾರೆ, ಊಟ ನೋಡುತ್ತಾರೆ, ಬಸ್ ನೋಡುತ್ತಾರೆ. ಭಾನುವಾರ ಬಸ್ ಇಲ್ಲದ ಕಡೆ 80 ದಾಟಿದ ಹೆಂಡತಿ ಹೇಗೆ ಹೋಗಿ ಬರಬೇಕು? ಟೆಂಡರ್‌ನಲ್ಲಿ ಬಸ್ ಸೌಕರ್ಯಕ್ಕೂ ಅಂಕ ಇಟ್ಟೆ. ಆಫೀಸಿನಲ್ಲಿ ಕೆಲವರು ನಕ್ಕರು.

ಬ್ಲಾಕ್ ಎಲ್ಲರಿಗೂ ಒಗ್ಗುವುದಿಲ್ಲ. ತಲೆಗೆ ಪೆಟ್ಟಾಗಿ ನಲವತ್ತರಲ್ಲೇ ನರ್ಸಿಂಗ್ ಹೋಮ್ ಬೇಕಾದವರಿದ್ದಾರೆ. ಅಂಥವರು ಕಡಿಮೆ, ಒಬ್ಬೊಬ್ಬರ ಅಗತ್ಯವೂ ಬೇರೆ. ಅವರಿಗೆ ಈಗಲೂ ಸ್ಪಾಟ್‌ನಲ್ಲೇ ಹುಡುಕುತ್ತೇನೆ. ಎಷ್ಟೋ ಸಲ ಪಕ್ಕದ ಜಿಲ್ಲೆಯವರೆಗೂ ಹೋಗಬೇಕಾಗುತ್ತದೆ.