ಸಾಸ್-ಫೇ ಚಾಪೆಲ್ ಹಾದಿ: ಬೂಟು ಕಟ್ಟುವ ಮೊದಲು ವಿಮೆ ಪತ್ರ ತೆಗೆದು ನೋಡಿ

ಸ್ವಿಟ್ಜರ್ಲೆಂಡಿನ ವಾಲಿಸ್ ಕ್ಯಾಂಟನ್ನಿನಲ್ಲಿ (ರಾಜ್ಯದಲ್ಲಿ) ಸಾಸ್-ಗ್ರುಂಡ್ ಎಂಬ ಊರಿನಿಂದ ಸಾಸ್-ಫೇಗೆ ಹತ್ತುವ ಹಳೆಯ ಕಾಲುದಾರಿಗೆ ಕಾಪೆಲೆನ್‌ವೇಗ್, ಅಂದರೆ ಚಾಪೆಲ್ ಹಾದಿ, ಎಂದು ಹೆಸರು. ಕೆಳಗಿನ ಊರು 1559 ಮೀಟರ್ ಎತ್ತರದಲ್ಲಿದೆ, ಮೇಲಿನದು ಸುಮಾರು 1800 ಮೀಟರ್‌ನಲ್ಲಿ. ಅಂದರೆ ಏರಬೇಕಾದದ್ದು 240 ಮೀಟರ್ ಮಾತ್ರ. ದಾರಿಯುದ್ದಕ್ಕೂ 1709ರಲ್ಲಿ ಕಟ್ಟಿದ ಹದಿನೈದು ಪುಟ್ಟ ಗುಡಿಗಳಿವೆ. ಯೇಸು ಮತ್ತು ಮೇರಿಯ ಬದುಕಿನ ಹದಿನೈದು ಘಟನೆಗಳನ್ನು ಅವುಗಳೊಳಗೆ ಮರದಲ್ಲಿ ಕೆತ್ತಿ, ಬಣ್ಣ ಹಚ್ಚಿ ನಿಲ್ಲಿಸಿದ್ದಾರೆ. ಮೇಲ್ಭಾಗದಲ್ಲಿ, ಕಡಿದಾದ ಕಲ್ಲು ಮೆಟ್ಟಿಲುಗಳ ತುದಿಗೆ, ಬಂಡೆಗೆ ಒರಗಿಕೊಂಡಂತೆ 1687ರ ‘ಮಾರಿಯಾ ಝುರ್ ಹೋಹೆನ್ ಸ್ಟೀಗೆ’ ಚಾಪೆಲ್ ಇದೆ. 1951ರಲ್ಲಿ ಮೋಟಾರು ರಸ್ತೆ ಬರುವವರೆಗೆ ಸಾಸ್-ಫೇ ಜನ ಹತ್ತಿಳಿಯುತ್ತಿದ್ದದ್ದು ಕಾಲ್ನಡಿಗೆಯಲ್ಲೇ. ರಸ್ತೆ ಬಂದ ಮೇಲೂ ಕಾರುಗಳನ್ನು ಊರಿನೊಳಗೆ ಬಿಟ್ಟುಕೊಳ್ಳಲಿಲ್ಲ. ಇಂದಿಗೂ ಕಾರುಗಳೆಲ್ಲ ಊರ ಬಾಗಿಲಲ್ಲೇ ನಿಲ್ಲಬೇಕು.

ಝೂರಿಕ್, ಬಾಸೆಲ್, ಬರ್ನ್ ಕಡೆಯ ಕನ್ನಡ ಕುಟುಂಬಗಳು ಮೊದಲ ಬೇಸಿಗೆಯಲ್ಲಿ, ಮಕ್ಕಳನ್ನೂ ಊರಿನಿಂದ ಬಂದ ಅಪ್ಪ-ಅಮ್ಮನನ್ನೂ ಕರೆದುಕೊಂಡು ಬರುವುದು ಇಂಥ ಸುಲಭದ ಹಾದಿಗಳಿಗೇ. ರೈಲು ಹತ್ತುವುದು, ಅರ್ಧ ದರದ ಹಾಲ್ಬ್‌ಟಾಕ್ಸ್ ಕಾರ್ಡು ಮಾಡಿಸುವುದು ಎಲ್ಲರಿಗೂ ಮೊದಲ ತಿಂಗಳಲ್ಲೇ ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ಉಳಿಯುವುದು ಒಂದೇ: ಆ ಕಲ್ಲು ಮೆಟ್ಟಿಲ ಮೇಲೆ ಯಾರದಾದರೂ ಪಾದ ಹೊರಳಿದರೆ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬುದು. ಹೊಸಬರ ಸಾವಿರಾರು ಫ್ರಾಂಕ್ ಕರಗುವುದು ಇಲ್ಲಿ. ಆದ್ದರಿಂದ ಹಾದಿಗಿಂತ ಹೆಚ್ಚು ಜಾಗವನ್ನು ಇದಕ್ಕೇ ಕೊಡಬೇಕಾಗಿದೆ.

ಇಲ್ಲಿ ಕಾಯಿಲೆ ಬೇರೆ, ಅಪಘಾತ ಬೇರೆ. ಎರಡಕ್ಕೂ ಬೇರೆ ಬೇರೆ ಕಾಯಿದೆ, ಬೇರೆ ಬೇರೆ ಜೇಬು. ಒಬ್ಬ ಮಾಲೀಕನ ಬಳಿ ವಾರಕ್ಕೆ ಕನಿಷ್ಠ 8 ಗಂಟೆ ಕೆಲಸ ಮಾಡುವವರಿಗೆ ಕಂಪನಿಯ ಅಪಘಾತ ವಿಮೆ ರಜಾದಿನದಲ್ಲೂ ಅನ್ವಯಿಸುತ್ತದೆ. ಸಂಬಳದ ಚೀಟಿಯಲ್ಲಿ ‘ಎನ್‌ಬಿಯು’ (ಕೆಲಸದ ಹೊರಗಿನ ಅಪಘಾತ) ಎಂಬ ಕಡಿತ ಕಾಣುತ್ತದಲ್ಲ, ಅದೇ ಇದು. ಈ ವಿಮೆ ಬಹಳ ಉದಾರ. ಚಿಕಿತ್ಸೆಗೆ ಫ್ರಾಂಚೀಸ್ (ವರ್ಷದಲ್ಲಿ ಮೊದಲು ನಾವೇ ಭರಿಸಬೇಕಾದ ಮೊತ್ತ) ಇಲ್ಲ, ಅದರ ಮೇಲಿನ ಬಿಲ್ಲಿನಲ್ಲಿ ನಾವು ಕೊಡಬೇಕಾದ ಶೇಕಡಾ ಹತ್ತರ ಪಾಲೂ ಇಲ್ಲ, ಸ್ವಿಟ್ಜರ್ಲೆಂಡಿನೊಳಗೆ ಅಗತ್ಯವಾದ ರಕ್ಷಣೆ ಮತ್ತು ಸಾಗಣೆಯ ಖರ್ಚನ್ನೂ ಅದೇ ಕೊಡುತ್ತದೆ. ಇಷ್ಟು ಇರುವುದರಿಂದ ಕೆಲಸದಲ್ಲಿರುವವರು ತಮ್ಮ ಕ್ರಾಂಕೆನ್‌ಕಾಸೆ (ಆರೋಗ್ಯ ವಿಮಾ ಸಂಸ್ಥೆ) ಪಾಲಿಸಿಯಿಂದ ಅಪಘಾತದ ಭಾಗವನ್ನು ತೆಗೆಸಬಹುದು; ಪ್ರೀಮಿಯಂ ಗರಿಷ್ಠ ಶೇಕಡಾ 7ರಷ್ಟು ಇಳಿಯುತ್ತದೆ.

ಎಡವುವುದು ಇಲ್ಲೇ. ಗಂಡನಿಗೆ ಐಟಿ ಕಂಪನಿಯಲ್ಲಿ ಕೆಲಸ, ಹೆಂಡತಿ ಇನ್ನೂ ಜರ್ಮನ್ ಕಲಿಯುತ್ತಿದ್ದಾರೆ, ಇಬ್ಬರು ಮಕ್ಕಳು. ಆನ್‌ಲೈನ್ ಫಾರ್ಮ್ ತುಂಬುವಾಗ ತನ್ನ ಹೆಸರಿನ ಮುಂದೆ ‘ಅಪಘಾತ ಬೇಡ’ ಎಂದು ಗುರುತು ಹಾಕಿದವರು ಮನೆಮಂದಿಗೆಲ್ಲ ಅದನ್ನೇ ಹಾಕಿಬಿಡುತ್ತಾರೆ. ಕಂಪನಿಯ ವಿಮೆ ಉದ್ಯೋಗಿಗೆ ಮಾತ್ರ. ಹೆಂಡತಿ ಮಕ್ಕಳಿಗೆ ಅದರಿಂದ ಒಂದು ರಾಪ್ಪೆನ್ ಕೂಡ ಇಲ್ಲ. ಬೆಂಗಳೂರಿನ ಕಂಪನಿಗಳ ಗುಂಪು ವಿಮೆಯಲ್ಲಿ ಸಂಸಾರವೆಲ್ಲ ಸೇರುವುದನ್ನು ಕಂಡು ಬಂದವರಿಗೆ ಇದು ಹೊಳೆಯುವುದೇ ಇಲ್ಲ. ಪಾಲಿಸಿ ಪತ್ರದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ‘ಉನ್‌ಫಾಲ್’ (ಅಪಘಾತ) ಎಂಬ ಪದ ಹುಡುಕಿ. ಕೆಲಸವಿಲ್ಲದ ಸಂಗಾತಿ, ಮಕ್ಕಳು, ಉದ್ಯೋಗವಿಲ್ಲದ ವಿದ್ಯಾರ್ಥಿ, ಇವರೆಲ್ಲರಿಗೂ ಅಲ್ಲಿ ‘ಮಿಟ್ ಉನ್‌ಫಾಲ್’ (ಅಪಘಾತ ಸಹಿತ) ಅಥವಾ ‘ಐನ್‌ಗೆಶ್ಲೋಸನ್’ (ಸೇರಿದೆ) ಎಂದೇ ಇರಬೇಕು. ಇಲ್ಲದಿದ್ದರೆ ಇವತ್ತೇ ಕ್ರಾಂಕೆನ್‌ಕಾಸೆಗೆ ಬರೆಯಿರಿ. ಕೆಲಸ ಬಿಟ್ಟವರೂ ನೋಡಿಕೊಳ್ಳಬೇಕು: ಸಂಬಳ ನಿಂತ ಮೇಲೆ ಕಂಪನಿಯ ಅಪಘಾತ ವಿಮೆ 31 ದಿನ ಮಾತ್ರ ಇರುತ್ತದೆ.

ಸರಿ, ಗುರುತು ಸರಿಯಾಗಿಯೇ ಇದೆ ಎನ್ನೋಣ. ಆಗಲೂ ಎರಡನೆಯ ಹಳ್ಳವೊಂದು ಕಾದಿರುತ್ತದೆ, ಮತ್ತು ಇದೇ ಹೆಚ್ಚು ಆಳ. ಕ್ರಾಂಕೆನ್‌ಕಾಸೆಯ ಮೂಲ ವಿಮೆ ರಕ್ಷಣಾ ಕಾರ್ಯಾಚರಣೆಗೆ ಖರ್ಚಿನ ಅರ್ಧ ಕೊಡುತ್ತದೆ, ವರ್ಷಕ್ಕೆ ಗರಿಷ್ಠ 5000 ಫ್ರಾಂಕ್. ಆದರೆ ರಕ್ಷಣೆ ಎನಿಸಿಕೊಳ್ಳಲು ಜೀವಕ್ಕೆ ಅಪಾಯವಿರಬೇಕು. ಜೀವಾಪಾಯವಿಲ್ಲದ ಗಾಯವಾದರೆ ಅದು ಬರೀ ಸಾಗಣೆ. ಅದಕ್ಕೂ ಅರ್ಧವೇ, ಗರಿಷ್ಠ ಮಾತ್ರ ವರ್ಷಕ್ಕೆ 500 ಫ್ರಾಂಕ್. ಮೆಟ್ಟಿಲಲ್ಲಿ ಜಾರಿ ಕಾಲಿನ ಮೂಳೆ ಮುರಿದುಕೊಂಡವರ ನೋವು ಎಷ್ಟೇ ಇದ್ದರೂ ಕಾಯಿದೆಯ ಕಣ್ಣಿಗೆ ಅದು ಸಾಮಾನ್ಯವಾಗಿ ಎರಡನೆಯ ಸಾಲಿಗೇ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ. ಹೆಲಿಕಾಪ್ಟರ್ ಬಿಲ್ಲು 3500 ಫ್ರಾಂಕ್ ಎಂದು ಇಟ್ಟುಕೊಳ್ಳಿ. ಹೆಂಡತಿಯ ಪಾಲಿಸಿಯಲ್ಲಿ ಪ್ರೀಮಿಯಂ ಉಳಿಸಲೆಂದು 2500ರ ಫ್ರಾಂಚೀಸ್ ಆರಿಸಿದ್ದೀರಿ, ಆ ವರ್ಷ ಬೇರೆ ಆಸ್ಪತ್ರೆ ಖರ್ಚು ಆಗಿಲ್ಲ. ವಿಮೆ ಒಪ್ಪುವುದು 500 ಫ್ರಾಂಕ್. ಅದೂ ಫ್ರಾಂಚೀಸ್‌ನೊಳಗೇ ಸೇರಿಹೋಗುವುದರಿಂದ ಕೈಗೆ ಬರುವುದು ಸೊನ್ನೆ. ಪೂರ್ತಿ 3500 ನಿಮ್ಮದೇ. ಎಕ್ಸ್-ರೇ, ಪ್ಲಾಸ್ಟರ್, ವೈದ್ಯರ ಬಿಲ್ಲುಗಳೂ ಫ್ರಾಂಚೀಸ್ ತುಂಬುವವರೆಗೆ ನಿಮ್ಮ ಜೇಬಿನಿಂದಲೇ. ಅದೇ ಮೆಟ್ಟಿಲಲ್ಲಿ, ಅದೇ ರೀತಿ ಗಂಡ ಬಿದ್ದಿದ್ದರೆ ಇಡೀ ಖರ್ಚು ಕಂಪನಿಯ ಅಪಘಾತ ವಿಮೆಗೆ. ಒಂದೇ ಮನೆಯಲ್ಲಿ ಸಂಬಳ ತರುವವರಿಗೊಂದು ನ್ಯಾಯ, ಮನೆ ನೋಡಿಕೊಳ್ಳುವವರಿಗೆ ಇನ್ನೊಂದು. ಇಷ್ಟು ಶ್ರೀಮಂತ ದೇಶಕ್ಕೆ ಇದು ಶೋಭೆಯಲ್ಲ. ಈ ವಿಷಯದಲ್ಲಿ ನಮ್ಮ ರಾಜ್ಯದ 108ರ ತತ್ವವೇ ಮೇಲು. ಗಾಡಿ ತಡವಾಗಬಹುದು, ಆದರೆ ಗಾಯಾಳು ಗಂಡೋ ಹೆಣ್ಣೋ ಉದ್ಯೋಗಿಯೋ ಎಂದು ನೋಡಿ ಬಿಲ್ಲು ಕಳಿಸುವುದಿಲ್ಲ. ಇಲ್ಲಿ ರಸ್ತೆಯ ಆಂಬ್ಯುಲೆನ್ಸಿಗೂ ಬಿಲ್ಲು ಬರುತ್ತದೆ.

‘ರೇಗಾ ಸದಸ್ಯತ್ವ ಇದೆ, ಚಿಂತೆಯಿಲ್ಲ’ ಎನ್ನುವವರು ಬಹಳ ಮಂದಿ. ಹೆಲಿಕಾಪ್ಟರಿನಲ್ಲಿ ಬಂದು ಗಾಯಾಳುಗಳನ್ನು ಕಾಪಾಡುವ ರೇಗಾ ಅದ್ಭುತ ಸಂಸ್ಥೆ, ಸದಸ್ಯರಾಗುವುದು ಒಳ್ಳೆಯದೇ. ಆದರೆ ಅದು ವಿಮೆಯಲ್ಲ, ಪ್ರತಿಷ್ಠಾನ. ವಿಮೆ ಕೊಡದ ಭಾಗವನ್ನು ಅವರು ತಮ್ಮ ವಿವೇಚನೆಯಿಂದ ಮನ್ನಾ ಮಾಡುತ್ತಾರೆ, ಅದೂ ತಾವು ಮಾಡಿದ ಅಥವಾ ತಾವು ವಹಿಸಿಕೊಟ್ಟ ಕೆಲಸಕ್ಕೆ. ವಾಲಿಸ್‌ನಲ್ಲಿ ವ್ಯವಸ್ಥೆಯೇ ಬೇರೆ. ಕ್ಯಾಂಟನ್ನಿನ ಸ್ವಂತ ರಕ್ಷಣಾ ಕೇಂದ್ರ 144 ಎಂಬ ತುರ್ತು ಸಂಖ್ಯೆಯ ಮೂಲಕ ಎಲ್ಲವನ್ನೂ ನಡೆಸುತ್ತದೆ, ಹಾರಿ ಬರುವುದು ಸಾಮಾನ್ಯವಾಗಿ ಏರ್ ಝೆರ್ಮಾಟ್ ಅಥವಾ ಏರ್-ಗ್ಲೇಸಿಯರ್ಸ್ ಹೆಲಿಕಾಪ್ಟರ್. ಉಳಿದ ಕಡೆ ಒತ್ತುವ ರೇಗಾದ 1414 ಸಂಖ್ಯೆ ಇಲ್ಲಿ ಮೊದಲ ಆಯ್ಕೆಯಲ್ಲ. ಈ ಎರಡು ಕಂಪನಿಗಳೂ ತಮ್ಮದೇ ರಕ್ಷಣಾ ಕಾರ್ಡು ಮಾರುತ್ತವೆ. ವಾಲಿಸ್‌ಗೆ ಮತ್ತೆ ಮತ್ತೆ ಬರುವವರಾದರೆ ಶರತ್ತು ಓದಿ ತೆಗೆದುಕೊಳ್ಳಿ.

ಎಲ್ಲ ಕ್ಯಾಂಟನ್ನಿಗೂ ಸಲ್ಲುವ ಉಪಾಯ ಬೇರೊಂದಿದೆ. ಕ್ರಾಂಕೆನ್‌ಕಾಸೆಗಳು ಮಾರುವ ಪೂರಕ ವಿಮೆಗಳಲ್ಲಿ ಸಾಗಣೆ ಮತ್ತು ರಕ್ಷಣೆಯನ್ನು ಸೇರಿಸಿಕೊಂಡವು ಇರುತ್ತವೆ. ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ರಕ್ಷಣೆಗೂ ಸಾಗಣೆಗೂ ಬೇರೆ ಬೇರೆ ಮಿತಿ ಎಷ್ಟು, ಅಪಘಾತಕ್ಕೂ ಸಲ್ಲುತ್ತದೆಯೋ ಕಾಯಿಲೆಗೆ ಮಾತ್ರವೋ, ಹುಡುಕಾಟದ ಖರ್ಚು ಒಳಗೊಂಡಿದೆಯೋ. ಮೂಲ ವಿಮೆಯನ್ನು ಯಾರಿಗೂ ನಿರಾಕರಿಸುವಂತಿಲ್ಲ, ಪೂರಕ ವಿಮೆಯನ್ನು ಆರೋಗ್ಯ ಪ್ರಶ್ನಾವಳಿ ನೋಡಿ ನಿರಾಕರಿಸಬಹುದು. ಆರೋಗ್ಯವಾಗಿರುವಾಗಲೇ ಮಾಡಿಸಿ. ಪಕ್ಕದ ಆಸ್ಟ್ರಿಯಾದಲ್ಲಿ ಆಲ್ಪೈನ್ ಸಂಘದ ಸದಸ್ಯತ್ವದ ಜೊತೆಗೇ ರಕ್ಷಣಾ ವೆಚ್ಚದ ವಿಮೆ ಬರುತ್ತದೆ. ಬೆಟ್ಟ ಹತ್ತುವವರಿಗೆ ಅದು ಎಷ್ಟೋ ನೇರವಾದ ದಾರಿ.

ಊರಿನಿಂದ ಬಂದ ಅಪ್ಪ-ಅಮ್ಮನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಷೆಂಗೆನ್ ವೀಸಾಕ್ಕೆ ಕೇಳುವ ಕನಿಷ್ಠ 30,000 ಯೂರೋ ವಿಮೆ ತುರ್ತು ಚಿಕಿತ್ಸೆಗೆ, ಆಸ್ಪತ್ರೆಗೆ, ಸ್ವದೇಶಕ್ಕೆ ಕಳಿಸುವುದಕ್ಕೆ. ಬೆಟ್ಟದಿಂದ ಇಳಿಸುವ ಖರ್ಚು ಅದರಲ್ಲಿ ಇದೆಯೇ ಎಂದು ಪಾಲಿಸಿಯ ಹೊರಗಿಟ್ಟವುಗಳ ಪಟ್ಟಿಯಲ್ಲೇ ನೋಡಬೇಕು. ಬಿಪಿ, ಸಕ್ಕರೆ, ಹಳೆಯ ಹೃದಯದ ತೊಂದರೆ ಇದ್ದರೆ ಅದೂ ಬಹಳ ಸಲ ಅದೇ ಪಟ್ಟಿಯಲ್ಲಿರುತ್ತದೆ. ಭಾರತದಿಂದ ಹೊರಡುವ ಮುನ್ನ ವಿಮಾ ಕಂಪನಿಗೆ ಇಮೇಲ್ ಬರೆದು, ಉತ್ತರವನ್ನು ಇಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದ್ದಕ್ಕೆ ಹೆದರಿ, ಬಿಲ್ಲು ಬರುತ್ತದೆಂದು ಫೋನ್ ಮಾಡದೆ ಇರಬೇಡಿ. ಅದು ಹಣಕ್ಕಿಂತ ದೊಡ್ಡ ತಪ್ಪು. 144 ಒತ್ತಿ, 112 ಕೂಡ ನಡೆಯುತ್ತದೆ. ಎಲ್ಲಿ, ಏನಾಯಿತು, ಎಷ್ಟು ಜನ, ಪ್ರಜ್ಞೆ ಇದೆಯೇ, ಇಷ್ಟು ಹೇಳಿ. ಈ ಹಾದಿಯಲ್ಲಿ ಯಾವ ಗುಡಿಯ ಬಳಿ ಇದ್ದೀರಿ ಎಂದು ಕೆಳಗಿನಿಂದ ಎಣಿಸಿಕೊಂಡಿದ್ದರೆ ಬಹಳ ಉಪಯೋಗ. ಹೆಲಿಕಾಪ್ಟರ್ ಬೇಕೋ ಸ್ಟ್ರೆಚರ್ ಸಾಕೋ ಎಂದು ತೀರ್ಮಾನಿಸುವುದು ಅವರು. ಹೆಲಿಕಾಪ್ಟರ್ ಕಂಡಾಗ ಸಹಾಯ ಬೇಕಿದ್ದರೆ ಎರಡೂ ತೋಳು ಮೇಲೆತ್ತಿ ನಿಲ್ಲಿ. ಬೇಡವಾದರೆ ಒಂದು ಮೇಲೆ, ಒಂದು ಕೆಳಗೆ. ಸುಮ್ಮನೆ ಕೈಬೀಸಬೇಡಿ. ಆಮೇಲೆ ಉದ್ಯೋಗಿಯಾದರೆ ತಡಮಾಡದೆ ಕಂಪನಿಯ ಎಚ್ಆರ್‌ಗೆ ತಿಳಿಸಿ ಅಪಘಾತದ ಕ್ಲೇಮ್ ಸಂಖ್ಯೆ ಪಡೆಯಿರಿ. ಬಿಲ್ಲುಗಳನ್ನೆಲ್ಲ ಆ ಸಂಖ್ಯೆಗೆ ಸೇರಿಸಬೇಕು. ಉಳಿದವರು ಕ್ರಾಂಕೆನ್‌ಕಾಸೆಗೆ ‘ಇದು ಅಪಘಾತ’ ಎಂದು ವರದಿ ಮಾಡಬೇಕು.

ಇನ್ನು ಹಾದಿ. ಝೂರಿಕ್‌ನಿಂದ ವಿಸ್ಪ್‌ಗೆ ನೇರ ರೈಲಿನಲ್ಲಿ ಸುಮಾರು ಎರಡು ಗಂಟೆ, ಬರ್ನ್‌ನಿಂದ ಒಂದು. ನಿಲ್ದಾಣದ ಹೊರಗೇ ಹಳದಿ ಅಂಚೆ ಬಸ್ಸು ಸಿಗುತ್ತದೆ. ಮುಕ್ಕಾಲು ಗಂಟೆಯೊಳಗೆ ಸಾಸ್-ಗ್ರುಂಡ್. ಅಪ್ಪ-ಅಮ್ಮನಿಗೆ ಸ್ಪಾರ್‌ಟಾಗೆಸ್‌ಕಾರ್ಟೆ (ರಿಯಾಯಿತಿ ದರದ ದಿನದ ಟಿಕೆಟ್ಟು) ತೆಗೆದಿದ್ದರೆ ಬಸ್ಸಿಗೂ ಅದೇ ಸಾಕು; ಬೇಗ ಕೊಂಡಷ್ಟೂ ಅಗ್ಗ, ಆದರೆ ಮಳೆ ಬಂತೆಂದು ಹಣ ವಾಪಸ್ ಸಿಗುವುದಿಲ್ಲ.

ಹಳದಿ ಫಲಕಗಳಲ್ಲಿ ಬರೆದ ಸಮಯ ಒಂದೇ ಸಮನೆ ನಡೆಯುವವರದು, ವಿಶ್ರಾಂತಿ ಅದರಲ್ಲಿಲ್ಲ. ಗಟ್ಟಿ ಕಾಲಿನವರಿಗೆ ಒಂದು ಗಂಟೆ ಚಿಲ್ಲರೆ ಸಾಕು. ಮಕ್ಕಳೊಡನೆ ಗುಡಿ ಗುಡಿಗೂ ನಿಂತು ಹೋದರೆ ಎರಡು ಗಂಟೆ ಹಿಡಿಯಿರಿ. ಕಲ್ಲುಗಳು ಶತಮಾನಗಳ ಕಾಲ್ತುಳಿತಕ್ಕೆ ನುಣ್ಣಗಾಗಿವೆ. ಮಳೆ ಬಿದ್ದಾಗ, ಶರತ್ಕಾಲದಲ್ಲಿ ಲಾರ್ಚ್ ಮರದ ಎಲೆ ಉದುರಿದಾಗ, ನೆರಳಿನಲ್ಲಿ ಮಂಜುಗಡ್ಡೆ ಉಳಿದಾಗ ಜಾರುವುದು ಖಂಡಿತ. ಜೂನ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಸರಿಯಾದ ಕಾಲ. ತಳ ಸವೆದ ಓಟದ ಬೂಟು, ಚಪ್ಪಲಿ ಬೇಡವೇ ಬೇಡ. ಸೀರೆಯಲ್ಲಿ ನಡೆಯುವ ಅಮ್ಮಂದಿರು ನೆರಿಗೆಯನ್ನು ಪಾದಕ್ಕಿಂತ ಸ್ವಲ್ಪ ಮೇಲೆ ಉಟ್ಟು, ಒಂದು ಕೋಲು ಹಿಡಿಯಲಿ.

ಚಾಪೆಲ್ ಬಾಗಿಲಲ್ಲಿ ಬೂಟು ಬಿಚ್ಚಬೇಕಿಲ್ಲ. ಟೋಪಿ ತೆಗೆಯಿರಿ, ದನಿ ತಗ್ಗಿಸಿ, ಮೇಣದಬತ್ತಿ ಹಚ್ಚಿದರೆ ಡಬ್ಬಿಗೆ ನಾಣ್ಯ ಹಾಕಿ. ಸೆಪ್ಟೆಂಬರ್ 8 ಮೇರಿಯ ಜನ್ಮದಿನದ ಹಬ್ಬ. ಅಂದು ಕಣಿವೆಯ ಭಕ್ತರು ಇಲ್ಲಿಗೆ ನಡೆದು ಬರುತ್ತಾರೆ, ನೋಡಲು ಬರುವವರು ಅವರಿಗೆ ದಾರಿ ಬಿಡಬೇಕು. ಬುತ್ತಿ ಬಿಚ್ಚುವುದು ಹೊರಗೆ, ಅದೂ ಗುಡಿಗಳ ಮೆಟ್ಟಿಲ ಮೇಲಲ್ಲ.

ಮಂಡಿ ನೋವಿನ ಹಿರಿಯರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಬೀಳುವುದೂ ಹೆಚ್ಚಾಗಿ ಇಳಿಯುವಾಗಲೇ. ಹಾಗಾಗಿ ಕೆಳಗಿನಿಂದ ಹತ್ತಿ, ಸಾಸ್-ಫೇಯಿಂದ ಬಸ್ಸಿನಲ್ಲಿ ಹಿಂತಿರುಗಿ. ಬಸ್ ನಿಲ್ದಾಣ ಊರಿನ ಅಂಚಿನಲ್ಲಿ, ಕಾರು ನಿಲ್ಲಿಸುವ ಕಟ್ಟಡದ ಹತ್ತಿರವೇ ಇದೆ. ಹತ್ತಲೂ ಆಗದವರನ್ನು ಬಸ್ಸಿನಲ್ಲೇ ಮೇಲಕ್ಕೆ ಕಳಿಸಿ ಊರಿನೊಳಗೆ ಕಾಯಲು ಹೇಳಿ. ಕಾರುಗಳಿಲ್ಲದ ಬೀದಿ, ಎದುರಿಗೆ ಫೇ ಹಿಮನದಿ, ಅದರ ಮೇಲೆ 4545 ಮೀಟರ್ ಎತ್ತರದ ಡೋಮ್ ಶಿಖರ. ಪೂರ್ತಿಯಾಗಿ ಸ್ವಿಟ್ಜರ್ಲೆಂಡಿನೊಳಗಿರುವ ಶಿಖರಗಳಲ್ಲಿ ಅದೇ ಅತಿ ಎತ್ತರದ್ದು, ಅದನ್ನು ಬೆಂಚಿನ ಮೇಲೆ ಕೂತೇ ನೋಡಬಹುದು.