ಎಡಿಎಚ್‌ಡಿ ಇರುವ ಮಗ, ನ್ಯೂಜೆರ್ಸಿ ಮತ್ತು ಮೈಸೂರು: ನನ್ನ ಅನುಭವ

ನನ್ನ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಇದೆ ಅಂತ ಗೊತ್ತಾಗಿದ್ದು ನ್ಯೂಜೆರ್ಸಿಯಲ್ಲಿ, ಎರಡನೇ ಕ್ಲಾಸಿನಲ್ಲಿದ್ದಾಗ. ಐದನೇ ಕ್ಲಾಸಿನ ಹೊತ್ತಿಗೆ ಮೈಸೂರಿಗೆ ವಾಪಸ್ ಬಂದೆವು. ಈಗ ಊರಿಗೆ ಮರಳುವ ತಂದೆತಾಯಂದಿರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಅಲ್ಲಿ ಸಿಗುವ ಸಹಾಯ ಇಲ್ಲಿ ಸಿಗುತ್ತಾ? ಸಿಗುತ್ತದೆ, ಆದರೆ ಒಬ್ಬೊಬ್ಬರನ್ನೂ ಕೇಳಿ ನಾವೇ ಹೊಂದಿಸಿಕೊಳ್ಳಬೇಕು.

ಅಮೆರಿಕದಲ್ಲಿ ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಅಂತ ಹೇಳುವ, 1973ರ ಕಾಯ್ದೆಯೊಂದರ ಸೆಕ್ಷನ್ 504 ಇದೆ. ಅದರಡಿ ಶಾಲೆಯವರು ನಮ್ಮ ಜೊತೆ ಕೂತು ಒಂದು ಪ್ಲಾನ್ ಬರೆದರು. ಟೆಸ್ಟ್‌ಗೆ ಒಂದೂವರೆ ಪಟ್ಟು ಸಮಯ, ಮುಂದಿನ ಸೀಟು, ನಡುವೆ ಎದ್ದು ಓಡಾಡಲು ಬಿಡುವು. ಮಧ್ಯಾಹ್ನದ ಮಾತ್ರೆಯನ್ನು ಶಾಲೆಯ ನರ್ಸ್ ಕೊಡುತ್ತಿದ್ದರು. ಟೀಚರ್ ಬದಲಾದರೂ ಪ್ಲಾನ್ ಹಾಗೇ ಇರುತ್ತಿತ್ತು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಕಲಿಕಾ ನ್ಯೂನತೆಯೂ ಇರುತ್ತದೆ. ಅದರ ಸರ್ಟಿಫಿಕೇಟ್ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ನನ್ನ ಮಗನಿಗೆ ಕಲಿಕಾ ನ್ಯೂನತೆ ಇಲ್ಲ ಅಂತ ಬಂತು. ಹಾಗಾಗಿ ತೋರಿಸಲು ಕಾಗದವೇ ಇಲ್ಲ! ಮೊದಲು ಹೋದ ಶಾಲೆಯವರು 'ರೂಲ್ಸಲ್ಲಿ ಇಲ್ಲ ಮೇಡಂ' ಅಂದುಬಿಟ್ಟರು. ಈ ಪಟ್ಟಿಗೆ ಎಡಿಎಚ್‌ಡಿ ಸೇರಲೇಬೇಕು. ಮಗು ಪಡುವ ಕಷ್ಟ ದೇಶ ಬದಲಾದರೆ ಕಡಿಮೆಯಾಗುವುದಿಲ್ಲ, ಅಲ್ವಾ?

ಎರಡನೇ ಶಾಲೆಗೆ ಹೋಗುವಾಗ ಒಂದೇ ಪುಟದ ಪತ್ರ ಬರೆದುಕೊಂಡು ಹೋದೆ. 504ರ ಇಡೀ ಪಟ್ಟಿ ಮುಂದಿಡಲಿಲ್ಲ. ನಲವತ್ತಕ್ಕೂ ಜಾಸ್ತಿ ಮಕ್ಕಳಿರುವ ಕ್ಲಾಸಿನಲ್ಲಿ ಒಬ್ಬರೇ ಟೀಚರ್ ಮಾಡಬಹುದಾದ್ದನ್ನಷ್ಟೇ ಕೇಳಿದೆ. ಕಿಟಕಿಯಿಂದ ದೂರ, ಮುಂದಿನ ಬೆಂಚು. ಮನೆಗೆ ಹೊರಡುವ ಮುಂಚೆ ಡೈರಿಯಲ್ಲಿ ಹೋಂವರ್ಕ್ ಬರೆದಿದ್ದಾನಾ ಅಂತ ಒಂದು ನೋಟ. ಆಗಾಗ ಏನಾದರೂ ಕೆಲಸ ಹೇಳಿ ಎಬ್ಬಿಸುವುದು. ಈ ಕೊನೆಯದು ತುಂಬ ಫಲ ಕೊಟ್ಟಿತು. ಹಾಜರಿ ಪುಸ್ತಕ ಆಫೀಸಿಗೆ ಕೊಡುವುದು, ಬೋರ್ಡ್ ಒರೆಸುವುದು, ಪಕ್ಕದ ಕ್ಲಾಸಿನಿಂದ ಚಾಕ್‌ಪೀಸ್ ತರುವುದು. ಅಲ್ಲಿ 'ಬಿಡುವು' ಅಂತ ಎಲ್ಲರೆದುರು ಎದ್ದು ಹೋಗಲು ಅವನಿಗೆ ನಾಚಿಕೆಯಾಗುತ್ತಿತ್ತು. ಇಲ್ಲಿ ಅವನು ಮಿಸ್‌ಗೆ ಬೇಕಾದ ಹುಡುಗ.

ಔಷಧಿಯ ವಿಷಯ ಹೊರಡುವ ಮುಂಚೆಯೇ ನೋಡಿಕೊಳ್ಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಬರೆಯುವ ಆಡೆರಾಲ್ ಅನ್ನುವ ಎಡಿಎಚ್‌ಡಿ ಮಾತ್ರೆ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದಿಲ್ಲ. ಮೀಥೈಲ್‌ಫೆನಿಡೇಟ್ ಅನ್ನುವ ಇನ್ನೊಂದು ಔಷಧಿ ಸಿಗುತ್ತದೆ, ಆದರೆ ಡಾಕ್ಟರ್ ಚೀಟಿ ಬೇಕೇ ಬೇಕು, ಎಲ್ಲ ಅಂಗಡಿಗಳೂ ಇಡುವುದಿಲ್ಲ. ನಾವು ಅಲ್ಲಿದ್ದಾಗಲೇ ನಮ್ಮ ಡಾಕ್ಟರ್ ಇದಕ್ಕೆ ಬದಲಿಸಿಕೊಟ್ಟರು. ಇಲ್ಲಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿ, ಬೆಳಗ್ಗೆ ಒಮ್ಮೆ ತೆಗೆದುಕೊಂಡರೆ ಸಾಕಾಗುವ ಮಾತ್ರೆ ಬರೆಸಿಕೊಂಡೆವು. ಶಾಲೆಯಲ್ಲಿ ನರ್ಸ್ ಇಲ್ಲವಲ್ಲ. ಈ ಮಾತ್ರೆ ಹಸಿವು ಕೊಲ್ಲುತ್ತದೆ. ಅದಕ್ಕೇ ಮೊದಲು ಹೊಟ್ಟೆ ತುಂಬ ದೋಸೆ, ಆಮೇಲೆ ಮಾತ್ರೆ. ಡಬ್ಬಿ ಅರ್ಧ ಉಳಿದು ಬಂದರೂ ಬೈಯುವುದಿಲ್ಲ, ರಾತ್ರಿ ಚೆನ್ನಾಗಿ ಉಣ್ಣುತ್ತಾನೆ. ತೂಕ, ಎತ್ತರ ಡಾಕ್ಟರ್ ನೋಡುತ್ತಲೇ ಇರುತ್ತಾರೆ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಕಥೆ ಬೇರೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ತಪಾಸಣೆಗೇ ವರ್ಷಗಟ್ಟಲೆ ಕಾಯುವವರಿದ್ದಾರೆ. ಬೇರೆ ಕಡೆ ತೋರಿಸಿಕೊಳ್ಳುವ 'ರೈಟ್ ಟು ಚೂಸ್' ಅನ್ನುವ ಹಕ್ಕಿದೆ, ಅವಳು ಅದನ್ನು ಬಳಸಿದಳು. ನನಗೆ ನಿಮ್ಹಾನ್ಸ್‌ನಲ್ಲಿ ಅಷ್ಟು ಕಾಯಬೇಕಾಗಲಿಲ್ಲ.

ನಮ್ಮ ಮಾವ ಮೊದಲು 'ಗಂಡು ಮಕ್ಕಳು ತುಂಟರೇ ಕಣಮ್ಮ, ಇದಕ್ಕೆಲ್ಲ ಮಾತ್ರೆ ಯಾಕೆ?' ಅನ್ನುತ್ತಿದ್ದರು. ವಾದ ಮಾಡದೆ ಅವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಈಗ ಹೋಂವರ್ಕ್ ಹೊತ್ತಿಗೆ ಪೇಪರ್ ಹಿಡಿದು ಅವನ ಪಕ್ಕ ಕೂರುತ್ತಾರೆ. ಪಾಠ ಹೇಳುವುದಿಲ್ಲ, ಸುಮ್ನೆ ಕೂರುತ್ತಾರೆ. ಅವರಿದ್ದರೆ ಲೆಕ್ಕ ಮುಗಿಯುತ್ತದೆ. ನ್ಯೂಜೆರ್ಸಿಯಲ್ಲಿ ನಮಗೆ ಇದು ಇರಲಿಲ್ಲ.

ಮುಂದೆ ಹತ್ತನೇ ಕ್ಲಾಸಿದೆ. ಬೋರ್ಡ್ ಪರೀಕ್ಷೆ ಭಾರ ಅನ್ನಿಸಿದರೆ ಎನ್‌ಐಒಎಸ್ ಮುಕ್ತ ಶಾಲೆಯ ದಾರಿಯಿದೆ. ಅಲ್ಲಿ ವಿಷಯಗಳನ್ನು ಬಿಡಿಬಿಡಿಯಾಗಿ ಬರೆದು, 5 ವರ್ಷದೊಳಗೆ ಮುಗಿಸಬಹುದು. ಅದರ ಬಗ್ಗೆ ಮಗನ ಜೊತೆಗೇ ಕೂತು ಮಾತಾಡಲು ಶುರು ಮಾಡಿದ್ದೇವೆ.